ನಾನು ನಿಂತಿದ್ದೀನಿ, ನೀವು ಕೂತ್ಕೊಳ್ಳಿ

ಕುರ್ಚಿಯಮ್ಮನಿಗೆ ತಂದೆತಾಯಿ ಇಟ್ಟ ಹೆಸರೊಂದು ಇತ್ತು. ಅದನ್ನು ಈಗ ಬ್ಯಾಂಕಿನವರು ಮಾತ್ರ, ಅದೂ ಕನ್ನಡಕ ಏರಿಸಿ ಓದಿಕೊಂಡು, ಕರೆಯುತ್ತಿದ್ದರು. ಔಷಧಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಹಲ್ಲಿನ ಡಾಕ್ಟರ ಹತ್ತಿರ ಅವಳು ಕುರ್ಚಿಯಮ್ಮನೇ. ಬಕೆಟ್ಟು, ಪೈಪು, ಮೊಳೆ ಮಾರುವ ಯಾವ ಅಂಗಡಿಗೆ ಹೋದರೂ ಗೋಡೆಯ ಮೇಲೆ ಒಂದು ಪೋಸ್ಟರ್ ಇರುತ್ತಿತ್ತು. ಅದರಲ್ಲಿ ಒಬ್ಬ ಹೆಂಗಸು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸೊಂಟಕ್ಕೆ ಎರಡೂ ಕೈ ಕೊಟ್ಟು ನಿಂತಿದ್ದಾಳೆ. ನೋಡುವವರೇ ಏನೋ ತಪ್ಪು ಮಾಡಿ ಸಿಕ್ಕಿಬಿದ್ದಿದ್ದಾರೆ ಎನ್ನುವ ಹಾಗೆ ದಿಟ್ಟಿಸುತ್ತಿದ್ದಾಳೆ. ಕೆಳಗೆ ದಪ್ಪ ಅಕ್ಷರದಲ್ಲಿ, "ನಾನು ನಿಂತಿದ್ದೀನಿ, ನೀವು ಕೂತ್ಕೊಳ್ಳಿ."

ಈ ಮಾತನ್ನು ಯಾವ ಪಂಡಿತನೂ ಕೂತು ಬರೆದದ್ದಲ್ಲ. ಗಂಡ ಹೊಸದಾಗಿ ಕುರ್ಚಿ ಮಾಡಲು ಶುರು ಮಾಡಿದಾಗ ಜನ ಪ್ಲಾಸ್ಟಿಕ್ಕನ್ನು ನಂಬುತ್ತಿರಲಿಲ್ಲ. "ಕೂತರೆ ನೇರ ನೆಲಕ್ಕೇ" ಎಂದು ನಗುತ್ತಿದ್ದರು. ಗಂಡ ಬಾಯಿಲ್ಲದ ಮನುಷ್ಯ, ನಕ್ಕವರ ಜೊತೆ ತಾನೂ ನಗುತ್ತಿದ್ದ. ಒಂದು ದಿನ ಅವನಿಗೆ ಊಟದ ಡಬ್ಬಿ ತಂದವಳು ಅಂಗಡಿಯ ಮುಂದಿನ ಈ ನಗೆ ನೋಡಿದಳು, ಡಬ್ಬಿ ಕೆಳಗಿಟ್ಟಳು, ಚಪ್ಪಲಿ ಕಳಚಿದಳು, ಕುರ್ಚಿ ಹತ್ತಿ ನಿಂತುಬಿಟ್ಟಳು. "ನಾನು ನಿಂತಿದ್ದೀನಲ್ಲ, ನಿಮಗೆ ಕೂತ್ಕೊಳ್ಳೋಕೆ ಏನು ರೋಗ?" ಎಂದಳು. ಪೋಸ್ಟರಿಗೆ ಹೋಗುವಾಗ ರೋಗವನ್ನು ಮಾತ್ರ ತೆಗೆದುಹಾಕಿದರು.

ಅಂದಿನಿಂದ ಅದೇ ಕಾರ್ಖಾನೆಯ ಪದ್ಧತಿಯಾಯಿತು. ಹೊಸ ಅಚ್ಚು ಯಂತ್ರಕ್ಕೆ ಏರಿದರೆ, ಅದರಿಂದ ಬಿದ್ದ ಮೊದಲ ಕುರ್ಚಿ ತಣ್ಣಗಾಗುತ್ತಲೇ ಕುರ್ಚಿಯಮ್ಮನಿಗೆ ಕರೆ ಹೋಗುತ್ತಿತ್ತು. ಅವಳು ಹತ್ತಿ ನಿಲ್ಲುತ್ತಿದ್ದಳು, ಆ ಕಡೆ ಈ ಕಡೆ ವಾಲಿ ನೋಡುತ್ತಿದ್ದಳು. "ಹೂಂ" ಎಂದರೆ ಸರಕು ಗೇಟು ದಾಟುತ್ತಿತ್ತು. "ಊಹೂಂ" ಎಂದರೆ ಗಂಡ ಒಂದು ಮಾತೂ ಆಡದೆ ಅಚ್ಚನ್ನು ಇಳಿಸುತ್ತಿದ್ದ. ಊರಿಗೆಲ್ಲ ಕೊಟ್ಟ ಮಾತದು, ಅವಳ ಪಾದದ ಮೇಲೆ ನಿಂತಿತ್ತು.

ಗಂಡ ತೀರಿಕೊಂಡ. ಕಾರ್ಖಾನೆಯ ಮಾಲೀಕರ ಗಾಜಿನ ಕೋಣೆಯೊಳಗೆ ಮಗ ಬಂದು ಕೂತ. ಒಬ್ಬನೇ ಮಗ. ಒಳ್ಳೆಯವನೇ, ಆದರೆ ಹುಟ್ಟಿದಾಗಿನಿಂದ ಅಮ್ಮನ ಪೋಸ್ಟರಿನ ಕೆಳಗೆ ಬೆಳೆದವನು, ಎಲ್ಲಿ ಹೋದರೂ "ಕುರ್ಚಿಯಮ್ಮನ ಮಗನಾ?" ಎಂದು ಕೇಳಿಸಿಕೊಂಡವನು. ಅವನಿಗೂ ತನ್ನದು ಎನ್ನುವಂಥದ್ದೊಂದು ಬೇಕಾಗಿತ್ತು. ಅದು ಕಡಲಾಚೆ, ಆಗ್ನೇಯ ಏಷ್ಯಾದ ಒಂದು ದೇಶದಲ್ಲಿ ಇದೆಯೆಂದು ಯಾರೋ ಅವನ ಕಿವಿಯಲ್ಲಿ ಊದಿದರು.

ಊದಿದವನು ಸಲಹೆಗಾರ. ದೊಡ್ಡ ದೊಡ್ಡ ಕಂಪನಿಗಳ ಜಾಹೀರಾತನ್ನು ಬೇರೆ ಬೇರೆ ದೇಶಗಳಿಗೆ ಒಗ್ಗಿಸಿಕೊಡುವುದು ಅವನ ಕಸುಬು. ಏನು ಕೇಳಿದರೂ ಬಾಯಲ್ಲಿ ಉತ್ತರ ಹೇಳದೆ ಗೋಡೆಯ ಮೇಲೆ ಒಂದು ಸ್ಲೈಡು ಬಿಡುತ್ತಿದ್ದ. ನೀರು ಬೇಕಾ ಎಂದರೂ ಸ್ಲೈಡು ಹಾಕಿಯೇ ಹೂಂ ಎನ್ನುವ ಗಿರಾಕಿ. ಕುರ್ಚಿಯಮ್ಮ ಅವನಿಗೆ ಮೊದಲ ದಿನವೇ ಸ್ಲೈಡಪ್ಪ ಎಂದು ನಾಮಕರಣ ಮಾಡಿದಳು.

ಸ್ಲೈಡಪ್ಪ ಆ ದೇಶಕ್ಕೆ ಹೋಗಿ ಅಧ್ಯಯನ ಮಾಡಿಕೊಂಡು ಬಂದಿದ್ದ. ಇಳಿದದ್ದು ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ. ಅಲ್ಲಿಂದ ಹೊರಬಿದ್ದದ್ದು ವಾಪಸ್ಸು ವಿಮಾನ ಹತ್ತುವುದಕ್ಕೆ. ಲಿಫ್ಟಿನಲ್ಲಿ ಕೆಲಸದವರು ಇವನನ್ನು ನೋಡಿ ನಕ್ಕರಂತೆ. ಅದರಿಂದ ಅಲ್ಲಿನದು ಸದಾ ನಗುವ ಜನಾಂಗ ಎಂಬ ತೀರ್ಮಾನ ಹುಟ್ಟಿತು. ಅನ್ನ ಬೆಂದಿದೆಯೇ ನೋಡಲು ಒಂದಗುಳು ಸಾಕು, ನಿಜ. ಆದರೆ ಅಗುಳನ್ನು ಆ ಪಾತ್ರೆಯಿಂದಲೇ ತೆಗೆಯಬೇಕಲ್ಲ.

ಗಾಜಿನ ಕೋಣೆಯಲ್ಲಿ ಸಭೆ ನಡೆದ ದಿನ ಕುರ್ಚಿಯಮ್ಮನನ್ನೂ ಕರೆದರು. ಲೋಡಿಂಗು, ಬಿಲ್ಲು ನೋಡಿಕೊಳ್ಳುವ ಸೊಸೆ ಅವಳ ಪಕ್ಕದಲ್ಲೇ ಕೂತಿದ್ದಳು. ಗೋಡೆಯ ಮೇಲೆ ಕುರ್ಚಿಯಮ್ಮನ ಪೋಸ್ಟರು ಬಿತ್ತು. ಮುಖದ ಸುತ್ತ ಒಂದು ಕೆಂಪು ವೃತ್ತ ಎಳೆದಿತ್ತು, ಪೊಲೀಸರು ಹುಡುಕುವವರ ಚಿತ್ರಕ್ಕೆ ಎಳೆಯುವಂತೆ.

"ಆಂಟಿ, ತಪ್ಪು ತಿಳೀಬೇಡಿ," ಎಂದ ಸ್ಲೈಡಪ್ಪ. "ಇಲ್ಲಿ ನೀವೇ ಬ್ರಾಂಡು. ಆದ್ರೆ ಆ ಮಾರ್ಕೆಟ್ಟಿಗೆ ಈ ಮುಖ ಸ್ವಲ್ಪ ಸ್ಟ್ರಾಂಗ್ ಆಗುತ್ತೆ. ಅಲ್ಲಿನವರು ಸಾಫ್ಟು. ಅಲ್ಲಿಯದೇ ಮುಖ ಇರಬೇಕು, ನಗ್ತಾ ಇರಬೇಕು."

"ಮಾತು?" ಎಂದಳು ಕುರ್ಚಿಯಮ್ಮ.

"ಮಾತೂ ಬದಲಾಗುತ್ತೆ. ನಿಮ್ಮದು ಆರ್ಡರ್ ಮಾಡಿದ ಹಾಗಿದೆ. ಹೊಸದು, 'ನಗುವಿಗೊಂದು ಆಸನ'."

"ನಗು ಬಂದು ಕೂತ್ಕೊಳ್ಳುತ್ತಾ?"

ಸೊಸೆ ಕೆಮ್ಮಿದಳು. ಸ್ಲೈಡಪ್ಪ ಮುಂದಿನ ಸ್ಲೈಡು ಬಿಟ್ಟ. ಪರದೆಯೆಲ್ಲ ನೀಲಿಯಾಯಿತು. "ಬಣ್ಣ ಸಮುದ್ರ ನೀಲಿ. ಯಾಕೆ ಅಂದ್ರೆ ಅಲ್ಲಿ ಸುತ್ತ ಸಮುದ್ರ. ಜನಕ್ಕೆ ನೀಲಿ ಜೊತೆ ಒಂದು ಎಮೋಷನಲ್ ಕನೆಕ್ಷನ್ ಇದೆ."

"ನಮ್ಮನೆ ಸುತ್ತ ಮೋರಿ ಇದೆಯಪ್ಪ," ಎಂದಳು ಕುರ್ಚಿಯಮ್ಮ. "ನನಗೆ ಯಾವ ಬಣ್ಣದ ಮೇಲೆ ಎಮೋಷನ್ ಇರಬೇಕು ಹೇಳು ನೋಡೋಣ."

"ಅಮ್ಮ," ಎಂದ ಮಗ, ಹಲ್ಲು ಕಚ್ಚಿಕೊಂಡು.

ಅವಳು ಹೊರಗೆ ತಮಾಷೆ ಮಾಡಿದಳೇ ಹೊರತು ಒಳಗೆ ಚುರುಕ್ಕೆಂದಿತ್ತು. ಕನ್ನಡಿಯಲ್ಲಿ ತಾನು ಮುದುಕಿಯಾದದ್ದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಮುಖಕ್ಕೆ ಕೆಂಪು ವೃತ್ತ ಎಳೆಸಿಕೊಳ್ಳುವುದು ಬೇರೆ ಮಾತು. ಇದ್ದುದರಲ್ಲಿ ಒಂದು ಸಮಾಧಾನವೂ ಅದೇ ಸಭೆಯಲ್ಲಿ ಸಿಕ್ಕಿತು. ಆಚೆ ದೇಶದಲ್ಲಿ ಕುರ್ಚಿ ಕೊಳ್ಳಲಿದ್ದ ವ್ಯಾಪಾರಿ ಸಂದೇಶ ಕಳಿಸಿದ್ದ. ನಿಮ್ಮ ಪೋಸ್ಟರ್ ನೋಡಿದೆ, ನಿಮ್ಮಲ್ಲಿ ಮಾಲೀಕರ ತಾಯಿಯೇ ಕುರ್ಚಿ ಹತ್ತಿ ಜನರಿಗೆ ಮಾತು ಕೊಡುತ್ತಾರಂತೆ, ನಮಗೂ ಅದು ಬಹಳ ಹಿಡಿಸಿತು, ಆದ್ದರಿಂದ ಮಾಡೆಲ್ ಯಾರೂ ಬೇಡ, ಫೋಟೋಕ್ಕೆ ನನ್ನ ತಾಯಿಯನ್ನೇ ಕರೆದುಕೊಂಡು ಬರುತ್ತೇನೆ ಎಂದಿದ್ದ.

ಸ್ಲೈಡಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಅವನು ನಗುವ ಮಾಡೆಲ್ ಒಬ್ಬಳನ್ನು ಆಗಲೇ ಆರಿಸಿಟ್ಟಿದ್ದ. ಆದರೆ ಇಂಥವರಿಗೆ ಬಿದ್ದರೂ ಮೀಸೆ ಮಣ್ಣಾಗುವುದಿಲ್ಲ. ಟೀ ಬರುವಷ್ಟರಲ್ಲಿ "ನಿಜವಾದ ತಾಯಿ, ಇದೇ ನನ್ನ ಇನ್‌ಸೈಟು" ಎಂದು ಶುರುಮಾಡಿದ್ದ.

ಸಭೆ ಮುಗಿದ ಮೇಲೆ ಕುರ್ಚಿಯಮ್ಮ ಮಗನನ್ನು ಕೇಳಿದಳು. "ಎಕ್ಸ್‌ಪೋರ್ಟಿಗೆ ಹೊಸ ಅಚ್ಚು ಬಂದಿದೆಯಂತಲ್ಲ. ಯಾವಾಗ ಬರಲಿ, ಹತ್ತೋಕೆ?"

ಮಗ ಫೋನಿನಿಂದ ತಲೆ ಎತ್ತಲಿಲ್ಲ. "ಬೇಡಮ್ಮ. ನಿನ್ನ ಮಂಡಿ ನೋವು ನೋಡ್ಕೋ. ಇನ್ನೂ ಎಷ್ಟು ದಿನ ಅಂತ ಹತ್ತಿಸೋದು ನಿನ್ನ? ಈಗ ಮಷಿನ್ನಲ್ಲೇ ಟೆಸ್ಟ್ ಮಾಡ್ತೀವಿ."

ಅವಳಿಗೆ ಕಣ್ಣು ತುಂಬಿ ಬಂತು. ಮಗನಿಗೆ ತನ್ನ ಮಂಡಿ ನೆನಪಿದೆಯಲ್ಲ! ಆ ಸಂಜೆಯೆಲ್ಲ ಸೊಸೆಯ ಮುಂದೆ ಅದನ್ನೇ ಹೇಳಿಕೊಂಡಳು. ಸೊಸೆ ಮಾತ್ರ "ಹೂಂ ಅತ್ತೆ, ಹೂಂ ಅತ್ತೆ" ಎನ್ನುತ್ತ ಅವಳ ಕಣ್ಣು ತಪ್ಪಿಸಿ ಬಟ್ಟೆ ಮಡಿಸುತ್ತಿದ್ದಳು.

ಫೋಟೋ ತೆಗೆಯುವ ದಿನ ಗೋಡೌನಿನ ಹಾಲನ್ನು ಆಚೆ ದೇಶ ಮಾಡಿದ್ದರು. ಅಂದರೆ, ಒಂದು ಗೋಡೆಗೆ ಹಳದಿ ಬಣ್ಣ, ಎರಡು ಕುಂಡದಲ್ಲಿ ಪ್ಲಾಸ್ಟಿಕ್ ಗಿಡ, ಕಿಟಕಿಯಿಲ್ಲದ ಕಡೆ ಒಂದು ಕಿಟಕಿಯ ಚಿತ್ರ, ಆ ಕಿಟಕಿಯಾಚೆ ಸಮುದ್ರದ ಚಿತ್ರ. ಹಿಂದೆ ಸರಕು ಎತ್ತುವ ಫೋರ್ಕ್‌ಲಿಫ್ಟ್ ನಿಂತಿತ್ತು. ಅದಕ್ಕೆ ಬಿಳಿ ಬಟ್ಟೆ ಹೊದಿಸಿದ್ದರು. ಕಂಬದಂಥ ದೀಪಗಳ ಕೆಳಗೆ ನಡುವಿನಲ್ಲಿ ಒಂದು ನೀಲಿ ಕುರ್ಚಿ. ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿ ರಿಬ್ಬನ್ ಕಟ್ಟಿದ ನೀಲಿ ಕುರ್ಚಿಗಳ ರಾಶಿ, ವ್ಯಾಪಾರಿಗೆ ತೋರಿಸಲು ಹೊಸ ಅಚ್ಚಿನಿಂದ ತೆಗೆದದ್ದು. ಹಾಲೆಲ್ಲ ಬಣ್ಣದ ವಾಸನೆ ಗಮ್ಮೆನ್ನುತ್ತಿತ್ತು.

ವ್ಯಾಪಾರಿ ತೆಳ್ಳಗೆ, ಅಚ್ಚುಕಟ್ಟಾಗಿದ್ದ, ಮಾತು ಕಡಿಮೆ. ಅವನ ತಾಯಿ ಗುಂಡಗೆ, ಗಿಡ್ಡಗೆ, ಕೂದಲನ್ನು ಗಂಡಸರ ಹಾಗೆ ಮೋಟಾಗಿ ಕತ್ತರಿಸಿಕೊಂಡ ಮುದುಕಿ. ನಗುವ ಜನಾಂಗದ ಪ್ರತಿನಿಧಿ ಮೆಟ್ಟಿಲು ಹತ್ತಿ ಬಂದದ್ದು ಬಾಡಿಗೆ ವಸೂಲಿಗೆ ಬಂದ ಮನೆ ಮಾಲೀಕಳ ಮುಖ ಹೊತ್ತು. ಹಳದಿ ಗೋಡೆ ನೋಡಿದಳು, ಪ್ಲಾಸ್ಟಿಕ್ ಎಲೆಯನ್ನು ಬೆರಳಿನಿಂದ ಮುಟ್ಟಿ ಮೂಸಿದಳು, ಸಮುದ್ರದ ಚಿತ್ರ ನೋಡಿ ಮಗನಿಗೆ ಏನೋ ಅಂದಳು. ಅವರ ಭಾಷೆ ತಿಳಿದ ದುಭಾಷಿ ಹುಡುಗಿಯೊಬ್ಬಳು ಜೊತೆಗಿದ್ದಳು.

"ಏನಂದ್ರು?" ಎಂದು ಕೇಳಿದಳು ಕುರ್ಚಿಯಮ್ಮ.

ದುಭಾಷಿ ಹುಡುಗಿ ಸ್ಲೈಡಪ್ಪನ ಕಡೆ ನೋಡಿ ದನಿ ತಗ್ಗಿಸಿದಳು. "ಅವರ ಊರಿಂದ ಸಮುದ್ರಕ್ಕೆ ಹೋಗೋಕೆ ಒಂದು ದಿನ ಬೇಕಂತೆ ಅಮ್ಮ. ಜೀವಮಾನದಲ್ಲಿ ಎರಡೇ ಸಲ ನೋಡಿದ್ದಾರಂತೆ."

ಕುರ್ಚಿಯಮ್ಮನಿಗೆ ಆ ಮುದುಕಿ ಆ ಕ್ಷಣವೇ ಹಿಡಿಸಿಬಿಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡರು, ಸಂತೆಯಲ್ಲಿ ಒಂದೇ ಮಾಲು ಮಾರಲು ಬಂದ ಇಬ್ಬರು ಅನುಭವಸ್ಥರ ಹಾಗೆ. ಆಚೆಯವಳು ತನ್ನ ಮಂಡಿ ತಟ್ಟಿ ಮುಖ ಕಿವುಚಿದಳು. ಕುರ್ಚಿಯಮ್ಮ ತನ್ನದನ್ನೂ ತಟ್ಟಿ ತೋರಿಸಿದಳು. ಪರಿಚಯ ಮುಗಿಯಿತು.

ದೀಪ ಸರಿಮಾಡುವುದು ಮುಗಿಯುವಂತೆ ಕಾಣಲಿಲ್ಲ. ನಿಂತು ಸಾಕಾಗಿ ಕುರ್ಚಿಯಮ್ಮ ಮೂಲೆಯ ರಾಶಿಯ ಹತ್ತಿರ ಹೋದಳು, ರಿಬ್ಬನ್ ಸರಿಸಿ ಮೇಲಿನ ಕುರ್ಚಿಯನ್ನು ಎತ್ತಿದಳು. ತಮ್ಮ ಹಳೇ ಭಾರದ ಕುರ್ಚಿ ಎತ್ತುವ ಅಭ್ಯಾಸದ ಕೈ, ಅದಕ್ಕೆ ತಕ್ಕ ಜೋರು ಹಾಕಿತು. ಕುರ್ಚಿ ಸರಕ್ಕನೆ ಹಾರಿ ಎದೆಗೇ ಬಂತು; ಅವಳು ಹಿಂದಕ್ಕೆ ಮುಗ್ಗರಿಸಿದಳು. ಕುರ್ಚಿಯ ಕಾಲನ್ನು ಬೆರಳುಗಳ ನಡುವೆ ಒತ್ತಿ ನೋಡಿದಳು. ಒಳಕ್ಕೆ ಹೋಯಿತು, ಬಿಟ್ಟರೆ ಹೊರಕ್ಕೆ ಬಂತು.

ಕುರ್ಚಿಯನ್ನು ಹಾಗೇ ಹಿಡಿದುಕೊಂಡು ಮಗನನ್ನು ಮೆಟ್ಟಿಲ ಕಡೆಗೆ ಕರೆದಳು.

"ಇದ್ಯಾವುದೋ ಇದು?"

"ಎಕ್ಸ್‌ಪೋರ್ಟ್ ಪೀಸ್ ಅಮ್ಮ. ಮೆತ್ತಗೆ ಮಾತಾಡು."

"ಇದರ ಕಾಲು ಮುಟ್ಟಿ ನೋಡಿದ್ದೀಯಾ? ಹಿಸುಕಿದರೆ ಹೂವಿನ ದಂಟಿನ ಹಾಗೆ ಹಿಸುಕುತ್ತೆ."

"ಅಲ್ಲಿಗೆ ತಕ್ಕ ಹಾಗೆ ಮಾಡಿರೋದು. ಅಲ್ಲಿನ ಜನರ ಸರಾಸರಿ ತೂಕ ಕಮ್ಮಿ ಅಮ್ಮ, ಸ್ಟಡಿ ಇದೆ. ಹಡಗಿನ ಬಾಡಿಗೇನೂ ಉಳಿಯುತ್ತೆ. ಕೂತ್ಕೊಳ್ಳೋಕೆ ಏನೂ ತೊಂದರೆ ಇಲ್ಲ."

"ನಿಂತ್ಕೊಂಡರೆ?"

"ನಿಂತ್ಕೊಳ್ಳಿ ಅಂತ ನಾವೆಲ್ಲಿ ಹೇಳ್ತೀವಿ?"

"ಮತ್ತೆ ಒಳಗೆ ಏನು ನಡೀತಾ ಇದೆಯೋ? ಆಯಮ್ಮನ್ನ ಕುರ್ಚಿ ಹತ್ತಿಸಿ ಫೋಟೋ ತೆಗೀತಾ ಇಲ್ವಾ?"

"ಅದಕ್ಕೆ ನಮ್ಮ ಹಳೇ ಗಟ್ಟಿ ಕುರ್ಚಿಗೇ ನೀಲಿ ಬಣ್ಣ ಹೊಡೆಸಿದ್ದೀನಿ. ಅವರಿಗೆ ಏನೂ ಆಗಲ್ಲ," ಎಂದ ಮಗ. ದಾನ ಮಾಡಿದವನ ದನಿಯಲ್ಲಿ ಹೇಳಿದ.

"ಫೋಟೋ ನೋಡಿ ಕೊಂಡ್ಕೊಳ್ತಾರಲ್ಲ, ಅವರಿಗೆ?"

"ಚಿತ್ರ ಪ್ರಾತಿನಿಧಿಕ, ಮಾಲು ಬೇರೆ ಇರಬಹುದು ಅಂತ ಮೂಲೆಲಿ ಹಾಕ್ತೀವಿ. ಎಲ್ಲರೂ ಹಾಕ್ತಾರೆ. ಅವರ ಭಾಷೆಯಲ್ಲೇ ಹಾಕ್ತೀವಿ."

ಇಲ್ಲಿಗೆ ಕುರ್ಚಿಯಮ್ಮನಿಗೆ ಇಡೀ ವಿದ್ಯೆ ಅರ್ಥವಾಯಿತು. ಆ ದೇಶಕ್ಕೆಂದು ಬಣ್ಣ ಒಗ್ಗಿಸಿದ್ದರು, ಮುಖ ಒಗ್ಗಿಸಿದ್ದರು, ಮಾತು ಒಗ್ಗಿಸಿದ್ದರು, ಇಲ್ಲದ ಸಮುದ್ರ ತಂದು ಇಲ್ಲದ ಕಿಟಕಿಯಲ್ಲಿ ಇಟ್ಟಿದ್ದರು. ಕೊನೆಗೆ ಮೋಸವನ್ನೂ ಅವರ ಭಾಷೆಯಲ್ಲೇ ಅಚ್ಚುಹಾಕಿಸುವ ಸೌಜನ್ಯ ತೋರಿಸಿದ್ದರು. ಸರಾಸರಿ ಎಂಬ ಆ ಪುಣ್ಯಾತ್ಮ ಯಾರ ಮನೆಯಲ್ಲಿ ಹುಟ್ಟಿದ್ದಾನೋ, ಕುರ್ಚಿಯನ್ನಂತೂ ಅವನ ಅಳತೆಗೆ ಹೊಲಿದಿದ್ದರು. ಬಲ್ಬು ಬದಲಿಸಲು ಕುರ್ಚಿ ಹತ್ತದ ಮನೆ ಭೂಮಿಯ ಮೇಲೆ ಯಾವುದಿದೆ ಎಂದು ಯಾವ ಸ್ಲೈಡಿನಲ್ಲೂ ಇರಲಿಲ್ಲ.

"ಅದಕ್ಕೇನಾ ನಿನಗೆ ನನ್ನ ಮಂಡಿ ಚಿಂತೆ ಹತ್ತಿದ್ದು?" ಎಂದು ಕೇಳಿದಳು.

ಮಗ ಅವಳ ಎರಡೂ ಕೈ ಹಿಡಿದುಕೊಂಡ. "ಅಮ್ಮ, ಇವತ್ತೊಂದು ದಿನ ಸುಮ್ನಿರು. ಇದು ನನ್ನ ಕೆಲಸ. ಅಪ್ಪಂದಲ್ಲ, ನಿಂದಲ್ಲ, ನಂದು. ಅವರ ಮುಂದೆ ನನ್ನ ಮರ್ಯಾದೆ ತೆಗೀಬೇಡ. ನಿನ್ನ ದಮ್ಮಯ್ಯ ಅಂತೀನಿ."

ಹೆತ್ತವರಿಗೆ ಹೆಗ್ಗಣ ಮುದ್ದು. ಅವನ ಕೈ ಚಿಕ್ಕಂದಿನಲ್ಲಿ ಪರೀಕ್ಷೆಗೆ ಹೋಗುವಾಗ ತಣ್ಣಗಾಗುತ್ತಿದ್ದಂತೆ ತಣ್ಣಗಾಗಿತ್ತು. ಪರದೇಶದವರ ಮುಂದೆ ಹೆತ್ತ ಮಗನನ್ನು ಕಳ್ಳನೆಂದು ನಿಲ್ಲಿಸುವುದೋ, ಊರಿಗೆಲ್ಲ ಕೊಟ್ಟ ಮಾತನ್ನು ನುಂಗಿಕೊಳ್ಳುವುದೋ? ಇವತ್ತು ಸುಮ್ಮನಿದ್ದು ನಾಳೆ ಮನೆಯಲ್ಲಿ ಕಿವಿ ಹಿಂಡಿದರಾಯಿತು ಎಂದು ಅವಳು ತನಗೇ ಸಮಾಧಾನ ಹೇಳಿಕೊಂಡಳು. ನಾಳೆ ಎಂದವನ ಮನೆ ಹಾಳು ಎಂದು ಬೇರೆಯವರಿಗೆ ಬುದ್ಧಿ ಹೇಳುತ್ತಿದ್ದವಳೂ ಅವಳೇ. ಕುರ್ಚಿಯನ್ನು ತಂದು ರಾಶಿಯ ಮೇಲೆ ಇಟ್ಟಳು.

ಫೋಟೋ ಶುರುವಾಯಿತು. ಆಚೆಯ ತಾಯಿ ಚಪ್ಪಲಿ ಬಿಟ್ಟು, ತನ್ನ ಮಗನ ಹೆಗಲು ಹಿಡಿದು ನೀಲಿ ಕುರ್ಚಿ ಹತ್ತಿದಳು. ಗಟ್ಟಿ ಕುರ್ಚಿ, ಅಲುಗಲಿಲ್ಲ.

"ಸ್ಮೈಲ್, ಸ್ಮೈಲ್!" ಎಂದು ಸ್ಲೈಡಪ್ಪ ತಾನೇ ಹಲ್ಲು ಕಿರಿದು ತೋರಿಸಿದ.

ಅವಳು ಅವನನ್ನು ನೋಡಿದಳು. ಆಮೇಲೆ ಸೊಂಟಕ್ಕೆ ಎರಡೂ ಕೈ ಕೊಟ್ಟು, ಗಲ್ಲ ಮೇಲೆತ್ತಿ, ಕ್ಯಾಮೆರಾದವನೇ ಏನೋ ತಪ್ಪು ಮಾಡಿ ಸಿಕ್ಕಿಬಿದ್ದಿದ್ದಾನೆ ಎನ್ನುವಂತೆ ದಿಟ್ಟಿಸಿ ನಿಂತಳು. ಥೇಟು ಪೋಸ್ಟರು. ತನ್ನ ಮಗ ತೋರಿಸಿದ ಪೋಸ್ಟರನ್ನು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿಕೊಂಡೇ ಬಂದಿದ್ದಳಂತೆ, ದುಭಾಷಿ ಹುಡುಗಿ ಹೇಳಿದಳು. ಸ್ಲೈಡಪ್ಪನ ಅಧ್ಯಯನವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕುರ್ಚಿಯಮ್ಮ ಎಲ್ಲ ಮರೆತು ಚಪ್ಪಾಳೆ ತಟ್ಟಿದಳು.

ಆದರೆ ದೀಪದ ಕಾವು ಜೋರಿತ್ತು, ಬಣ್ಣ ಅವಸರದ್ದು. ಆಚೆಯ ತಾಯಿ ಕೆಳಗಿಳಿದಾಗ ನೆಲದ ಮೇಲೆ ನೀಲಿ ಹೆಜ್ಜೆ ಮೂಡಿದವು. ಅವಳು ಪಾದ ಎತ್ತಿ ನೋಡಿಕೊಂಡಳು. ಅಂಗಾಲೆಲ್ಲ ಸಮುದ್ರ. ಆ ದಿನ ಮೊದಲ ಸಲ ಅವಳು ನಕ್ಕಳು, ಅದೂ ಹೊಟ್ಟೆ ಕುಣಿಸಿ. ಸೊಸೆ ಒದ್ದೆ ಬಟ್ಟೆ ತರಲು ಓಡಿದಳು. ಅಷ್ಟರಲ್ಲಿ ಮುದುಕಿ ಹಿಮ್ಮಡಿಯ ಮೇಲೆ ಕುಂಟುತ್ತ ಮೂಲೆಯ ರಾಶಿಯ ಹತ್ತಿರ ಹೋಗಿ, ಮೇಲಿದ್ದ ಕುರ್ಚಿಯನ್ನು ಎಳೆದು ದೀಪದ ಕೆಳಗೆ ತಂದು ಇಟ್ಟಳು. ಮಗನಿಗೆ ಏನೋ ಹೇಳಿದಳು. ವ್ಯಾಪಾರಿ ಖುಷಿಯಿಂದ ತಲೆಯಾಡಿಸಿದ.

"ಬಣ್ಣ ಅಂಟದ ಕುರ್ಚಿ ಬೇಕಂತೆ," ಎಂದಳು ದುಭಾಷಿ ಹುಡುಗಿ. "ನಮ್ಮ ಅಂಗಡಿಗಳಿಗೆ ಬರೋದು ಈ ಕುರ್ಚಿ ತಾನೆ, ಇದರ ಮೇಲೆ ನಿಂತರೇ ಸರಿ ಅಂತಿದ್ದಾರೆ."

ಕುರ್ಚಿಯಮ್ಮ ಮಗನ ಮುಖ ನೋಡಿದಳು. ಈಗ ಹೇಳುತ್ತಾನೆ, ಎಂದುಕೊಂಡಳು. ಏನಾದರೂ ಒಂದು ನೆಪ ಹೇಳಿದರೂ ಸಾಕು. ದೀಪ ಕೆಟ್ಟಿದೆ ಅನ್ನಲಿ, ಊಟದ ಹೊತ್ತಾಯಿತು ಅನ್ನಲಿ, ಸುಳ್ಳೇ ಹೇಳಲಿ, ಆ ಹೆಂಗಸು ಹತ್ತದಿದ್ದರೆ ಸಾಕು. ಮಗ ಸಮುದ್ರದ ಚಿತ್ರ ನೋಡುತ್ತಿದ್ದ. ಸ್ಲೈಡಪ್ಪ ಫೋನಿನೊಳಗೆ ಮುಖ ಹುದುಗಿಸಿದ್ದ. ಪ್ರಪಂಚದ ಬಗ್ಗೆ ಇಷ್ಟು ತಿಳಿದವನಿಗೆ ಆ ಗಳಿಗೆಯಲ್ಲಿ ಒಂದು ಸ್ಲೈಡೂ ಹೊಳೆಯಲಿಲ್ಲ.

ಆಚೆಯ ತಾಯಿ ಕುರ್ಚಿಯ ಬೆನ್ನು ಹಿಡಿದು ಕಾಲೆತ್ತಿದಳು.

ಮಗ ಬಾಯಿ ಬಿಡಲಿಲ್ಲ.

"ತಡೀರಿ!" ಎಂದಳು ಕುರ್ಚಿಯಮ್ಮ. ಇಡೀ ಹಾಲು ತಿರುಗಿತು. ಅವಳು ಹೋಗಿ ಆ ಮುದುಕಿಯ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಅವರಿಗೆ ಹೇಳಮ್ಮ. ನಮ್ಮಲ್ಲಿ ಹೊಸ ಅಚ್ಚಿನ ಕುರ್ಚಿ ಮೇಲೆ ಮೊದಲು ನಾನು ಹತ್ತೋದು ಪದ್ಧತಿ. ನಾನು ಹೂಂ ಅಂದ ಮೇಲೆ ಬೇರೆಯವರು."

ದುಭಾಷಿ ಹುಡುಗಿ ಹೇಳಿದಳು. ವ್ಯಾಪಾರಿ ಎದೆಯ ಮೇಲೆ ಕೈಯಿಟ್ಟು ಗೌರವದಿಂದ ಹಿಂದೆ ಸರಿದ.

ಕುರ್ಚಿಯಮ್ಮ ಚಪ್ಪಲಿ ಕಳಚಿದಳು. ಮಂಡಿ ಕಟಕ್ಕೆಂದಿತು. ಬಲಗಾಲನ್ನು ಎತ್ತಿ ಕುರ್ಚಿಯ ಮೇಲಿಟ್ಟು ಭಾರ ಬಿಟ್ಟಳು. ಕೆಳಗೆ ಕುರ್ಚಿಯ ಮುಂಗಾಲು ನಿಧಾನವಾಗಿ ಹೊರಕ್ಕೆ ಬಾಗತೊಡಗಿತು. ಅವಳಿಗೂ ಭಯವಾಯಿತು. ಆದರೂ ಎಡಗಾಲು ನೆಲ ಬಿಟ್ಟಿತು.

"ಅಮ್ಮಾ! ಬೇಡ! ಮುರಿಯುತ್ತೆ!"

ಮಗ ದೀಪದ ಕಂಬ ಕೆಡವಿಕೊಂಡು ಓಡಿ ಬಂದಿದ್ದ. ಅಮ್ಮನನ್ನು ಸೊಂಟ ಹಿಡಿದು ಮಗುವನ್ನು ಎತ್ತುವಂತೆ ಎತ್ತಿ ಕೆಳಗಿಳಿಸಿದ. ಅವನಿಗೆ ತನ್ನ ಮೇಲೆ ಎಷ್ಟು ಪ್ರೀತಿ ಎಂದು ಆ ಕೂಗಿನಲ್ಲಿ ಅವಳಿಗೆ ತಿಳಿಯಿತು. ತಿಳಿದು ಅಸಹ್ಯವಾಯಿತು.

ಬಿದ್ದ ದೀಪ ಒಮ್ಮೆ ಮಿಣುಕಿ ಆರಿತು. ದುಭಾಷಿ ಹುಡುಗಿ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಅವಳು ಭಾಷೆ ಬದಲಿಸಿ ಹೇಳುವಂಥದ್ದು ಏನೂ ಉಳಿದಿರಲಿಲ್ಲ. ವ್ಯಾಪಾರಿ ಬಗ್ಗಿ ಆ ಕುರ್ಚಿಯ ಕಾಲನ್ನು ಎರಡು ಬೆರಳಿನಿಂದ ಹಿಸುಕಿ ನೋಡಿದ. ಎದ್ದುಹೋಗಿ ಬಣ್ಣದ ಕುರ್ಚಿಯ ಕಾಲನ್ನೂ ಹಿಸುಕಿ ನೋಡಿದ. ಬೆರಳಿಗೆ ನೀಲಿ ಹತ್ತಿತು. ಅದರ ಕೆಳಗೆ ಹಳೆಯ ಬಿಳಿ ಇಣುಕುತ್ತಿತ್ತು.

"ಆಕ್ಚುಲಿ, ಇದರ ಹಿಂದೆ ಒಂದು ಲಾಜಿಕ್ ಇದೆ..." ಎಂದ ಸ್ಲೈಡಪ್ಪ.

"ನೀನು ಬಾಯ್ಮುಚ್ಚು," ಎಂದಳು ಸೊಸೆ, ಒದ್ದೆ ಬಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಲ್ಲಿಂದಲೇ. ಆ ಮನೆಗೆ ಬಂದಾಗಿನಿಂದ ಅವಳು ಹೊರಗಿನವರಿಗೆ ಏಕವಚನದಲ್ಲಿ ಹೇಳಿದ ಮೊದಲ ಮಾತು ಅದು.

ಕುರ್ಚಿಯಮ್ಮ ದುಭಾಷಿ ಹುಡುಗಿಯ ಕಡೆ ತಿರುಗಿದಳು. "ಅವರಿಗೆ ಹೇಳು. ಈ ಕುರ್ಚಿ ಮೇಲೆ ನಾನು ನಿಂತಿಲ್ಲ. ನಿಲ್ಲೋದೂ ಇಲ್ಲ. ಇದಕ್ಕೆ ನನ್ನದು ಊಹೂಂ."

ಹುಡುಗಿ ಹೇಳಿದಳು. ವ್ಯಾಪಾರಿ ಕೈ ಒರೆಸಿಕೊಳ್ಳುತ್ತ ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟ. ಈ ಕುರ್ಚಿ ಬೇಡ; ತಾಯಿಯವರು ಹೂಂ ಅಂದ ಕುರ್ಚಿ ಇದ್ದರೆ ಯಾವಾಗಲಾದರೂ ಹೇಳಿ ಕಳಿಸಲಿ, ಆಗ ಯೋಚಿಸೋಣ. ಆಮೇಲೆ ಅವನ ತಾಯಿ ಮಾತಾಡಿದಳು. ಕೋಪವಿರಲಿಲ್ಲ, ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಲು ಕೇಳುವವರ ದನಿ ಅದು. ಕಣ್ಣು ಮಾತ್ರ ಕುರ್ಚಿಯಮ್ಮನ ಮಗನ ಮೇಲಿತ್ತು. ದುಭಾಷಿ ಹುಡುಗಿ ತಲೆ ತಗ್ಗಿಸಿದಳು.

"ಏನಂತೆ?" ಎಂದಳು ಕುರ್ಚಿಯಮ್ಮ.

"ಬೇಡ ಬಿಡಿ ಅಮ್ಮ."

"ಹೇಳು. ನಿನ್ನ ಕೆಲಸ ಅದೇ ತಾನೆ?"

"ನಾನು ಹತ್ತೋವಾಗ ನಿಮ್ಮ ಮಗ ಯಾಕೆ ಕೂಗಲಿಲ್ಲ ಅಂತ ಕೇಳ್ತಿದ್ದಾರೆ."

ಕುರ್ಚಿಯಮ್ಮ ಮಗನನ್ನು ನೋಡಿದಳು. ಅವನು ಬಾಯಿ ತೆರೆದ. ಕಡಲಾಚೆಯವರ ಬಗ್ಗೆ ಇಷ್ಟು ದಿನ ಕಲಿತದ್ದೆಲ್ಲ, ಅವರ ತೂಕ, ಅವರ ನಗು, ಅವರ ಬಣ್ಣ, ಯಾವುದೂ ನಾಲಿಗೆಗೆ ಬರಲಿಲ್ಲ. ಆ ಮುದುಕಿ ಕಾದಳು. ಕುರ್ಚಿಯಮ್ಮನೂ ಕಾದಳು. ಇದಕ್ಕೊಂದು ಉತ್ತರವಿರಲಿ ಎಂದು ಅವಳಷ್ಟು ಆಸೆಪಟ್ಟವರು ಆ ಹಾಲಿನಲ್ಲಿ ಇನ್ನೊಬ್ಬರಿರಲಿಲ್ಲ.

ಕೊನೆಗೆ ಅವಳು ಕೂರಲು ಸುತ್ತ ನೋಡಿದಳು. ಒಂದು ಕಡೆ ಬಣ್ಣ ಆರದ ಕುರ್ಚಿ, ಇನ್ನೊಂದು ಕಡೆ ಆ ರಾಶಿ. ಕುರ್ಚಿ ಕಾರ್ಖಾನೆಯ ಒಡತಿ ಮಂಡಿ ಹಿಡಿದುಕೊಂಡು, ಗೋಡೆಗೆ ಕೈಕೊಟ್ಟು, ಗೋಡೌನಿನ ಬರೀ ನೆಲದ ಮೇಲೆ ಕೂತಳು. ಆಚೆಯ ತಾಯಿ ಅವಳನ್ನೇ ನೋಡುತ್ತಿದ್ದು, ನೀಲಿ ಪಾದದಲ್ಲಿ ನಿಧಾನ ಬಂದು, ಉಸ್ಸೆಂದು ಅವಳ ಪಕ್ಕದಲ್ಲೇ ಕೂತಳು. ಸೊಸೆ ಮಂಡಿಯೂರಿ ಆ ಮುದುಕಿಯ ಅಂಗಾಲು ಒರೆಸತೊಡಗಿದಳು.

ಮಗ ಅವರೆದುರು ನಿಂತೇ ಇದ್ದ. ಕೂತ್ಕೋ ಎಂದು ಯಾರೂ ಹೇಳಲಿಲ್ಲ.